ಅಂಗೈಯಗಲದ ಬಾಗಿಲು

ಬಹಳ ಬಹಳ ಹಿಂದೆ ಕಂಚಿನಕೋಟೆ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಪದುಮಿ ಅಂತ ಒಬ್ಬಳು ಕಲಾವಿದೆ. ಅವಳಿಗೆ ಬಣ್ಣ ಬೇಡ, ಕುಂಚ ಬೇಡ, ಕಾಗದ ಇದ್ದರೆ ಸಾಕು. ಹಳೇ ಬಟ್ಟೆ ನೆನೆಸಿ, ಕುಟ್ಟಿ, ತಾನೇ ಹಾಳೆ ಮಾಡುತ್ತಿದ್ದಳು. ಅದನ್ನು ಮಡಚಿ, ಕತ್ತರಿಸಿ ನವಿಲು ಮಾಡಿದರೆ, ಇನ್ನೇನು ಕೂಗಿಬಿಡುತ್ತೆ ಅನ್ನಬೇಕು, ಹಾಗೆ! "ಅಯ್ಯೋ, ಕಾಗದ ಏನು ತಡೆಯುತ್ತೆ ಬಿಡು" ಅಂತ ಜನ ನಕ್ಕರೆ, ಇವಳು ಅವರಿಗಿಂತ ಜೋರಾಗಿ ನಗುತ್ತಿದ್ದಳು.

ಅವಳ ಗಂಡ ಕೆಂಚ ಪಟ್ಟದಾನೆಯ ಮಾವುತ. ಆ ಆನೆ ಯಾರ ಕೊರಳಿಗೆ ಹೂಮಾಲೆ ಹಾಕುತ್ತೋ ಅವನೇ ರಾಜ. ಮುಳ್ಳುಜಡೆ ಅನ್ನೋ ಮಾಂತ್ರಿಕನಿಗೆ ರಾಜನಾಗುವ ಆಸೆ. ಆನೆಯನ್ನೂ ಕೆಂಚನನ್ನೂ ಹೊತ್ತೊಯ್ದು, ಬಾಗಿಲೇ ಇಲ್ಲದ ತನ್ನ ಕೋಟೆಯಲ್ಲಿ ಕೂಡಿಹಾಕಿದ. "ಹುಣ್ಣಿಮೆಯೊಳಗೆ ನನಗೆ ಮಾಲೆ ಹಾಕಿಸು, ಇಲ್ಲದಿದ್ದರೆ ಇಬ್ಬರೂ ಕಲ್ಲಾಗ್ತೀರಿ" ಅಂದ. ಕೆಂಚ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಸುದ್ದಿ ಕೇಳಿ ಪದುಮಿ ಉಣ್ಣುತ್ತಿದ್ದ ತಟ್ಟೆ ಸರಿಸಿದಳು. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಹಾಳೆಯ ಸುರುಳಿ ಹೆಗಲಿಗೇರಿಸಿ ರಾಜನ ಮುಂದೆ ನಿಂತಳು.

"ಬುದ್ಧೀ, ನಾನು ಹೋಗಿ ಬರ್ತೀನಿ."

"ಸೈನಿಕರೇ ಸೋತು ಬಂದರಲ್ಲಮ್ಮ. ಕತ್ತಿಯಾದರೂ ತಗೋ."

"ಕತ್ತರಿ ಇದೆ, ಸಾಕು."

ಕಾಡಿನ ಬಾಯಲ್ಲಿ ಬೆಂಕಿಯುಗುಳುವ ನಾಯಿ. ಕಾಲಿಗೆ ಮಾಯದ ಸರಪಳಿ. "ನೀರು ಕೊಟ್ಟರೆ ದಾರಿ, ಇಲ್ಲದಿದ್ದರೆ ನೀನು ಬೂದಿ!" ಅಂತು. ಪಾಪ, ಅದರ ಉಸಿರಿಗೆ ಗಡಿಗೆ ಸಿಡಿಯುತ್ತಿತ್ತು, ತಾಮ್ರದ ಚೊಂಬು ಕರಗುತ್ತಿತ್ತು. ಪದುಮಿ ಹಾಳೆಯನ್ನು ದೊನ್ನೆ ಮಾಡಿ, ಹಳ್ಳದ ನೀರು ತುಂಬಿ ಹಿಡಿದಳು. ಒಳಗೆ ನೀರಿರುವ ತನಕ ಕಾಗದ ಉರಿಯಲ್ಲ. ನಾಯಿ ಕುಡಿದು ಬಾಲ ಆಡಿಸಿತು.

ಮುಂದೆ ತಳ ಕಾಣದ ಕಂದರ. ಆಚೆ ಒಂದು ಹದ್ದು. "ಮರ ಹಾಸಿದರೆ ಹುಳ ಮಾಡ್ತೀನಿ, ಹಗ್ಗ ಕಟ್ಟಿದರೆ ಹಾವು ಮಾಡ್ತೀನಿ!"

"ಕಾಗದ ಹಾಸಿದರೆ?"

"ಕಾಗದವಾ? ಹಾಸಮ್ಮ ತಾಯಿ, ಹಾಸು!" ಅಂತ ಹದ್ದು ಬಿದ್ದು ಬಿದ್ದು ನಕ್ಕಿತು.

ಪದುಮಿ ಸೀರೆಗೆ ಹಿಡಿಯೋ ಹಾಗೆ ಉದ್ದನೆಯ ಹಾಳೆಗೆ ನಿರಿಗೆ ಹಿಡಿದಳು, ಕಂದರಕ್ಕೆ ಅಡ್ಡ ಚಾಚಿದಳು, ನಡೆದೇಬಿಟ್ಟಳು. ನಿರಿಗೆ ಬಗ್ಗಲಿಲ್ಲ. ಹದ್ದು ತೆರೆದ ಕೊಕ್ಕು ಮುಚ್ಚಲಿಲ್ಲ.

ಕೋಟೆಯ ಹತ್ತಿರ ಬಂದಳೋ ಇಲ್ಲವೋ, ಮುಳ್ಳುಜಡೆ ಮಾಯೆಯಿಂದ ಗೋಡೆ ತೆರೆದು ಅವಳನ್ನೂ ಒಳಗೆ ಸೆಳೆದುಕೊಂಡ.

"ನೀನ್ಯಾಕೆ ಬಂದ್ಯೇ?" ಅಂತ ಕೆಂಚ ಗೋಳಾಡಿದ.

"ನಿನ್ನ ಕರ್ಕೊಂಡು ಹೋಗೋಕೆ, ಇನ್ಯಾಕೆ?"

ಅವಳ ಕೈಯ ಕತ್ತರಿ ನೋಡಿ ಮಾಂತ್ರಿಕ ಗಹಗಹಿಸಿ ನಕ್ಕು, ಅಂಗೈಯಗಲದ ಒಂದು ಹಾಳೆ ಎಸೆದ. "ಗೋಡೆ ತೆರೆಯೋ ನನ್ನ ಮಾಯೆಯನ್ನೆಲ್ಲ ಇದಕ್ಕೆ ಊದಿದ್ದೀನಿ. ಇದರಲ್ಲಿ ಎಷ್ಟು ದೊಡ್ಡ ತೂತು ಮಾಡ್ತೀಯೋ ಅಷ್ಟೇ ದೊಡ್ಡ ಬಾಗಿಲು. ಹಾಳೆ ಎರಡಾದರೆ ಮೂವರೂ ಕಲ್ಲು! ಇಲಿ ದಾಟೋ ಬಾಗಿಲು ಮಾಡಿಕೋ, ಹೋಗು!"

ಪದುಮಿ ಗಂಡನ ಮುಖ ನೋಡಿದಳು. ಕತ್ತರಿ ಎತ್ತಿಕೊಂಡಳು. ಹಾಳೆಯನ್ನು ಎರಡಾಗಿ ಮಡಚಿ, ಈ ಕಡೆಯಿಂದೊಂದು, ಆ ಕಡೆಯಿಂದೊಂದು, ಎದುರಿನ ಅಂಚು ಮುಟ್ಟದ ಹಾಗೆ ಒತ್ತೊತ್ತಾಗಿ ಕತ್ತರಿಸಿದಳು. ಎರಡು ತುದಿ ಬಿಟ್ಟು ನಡುವಿನ ಮಡಿಕೆ ಸೀಳಿದಳು. ಮೆಲ್ಲಗೆ ಎಳೆದಳು. ಹಾಳೆ ಬಿಚ್ಚಿತು, ಬಿಚ್ಚಿತು, ಬಿಚ್ಚುತ್ತಲೇ ಹೋಯಿತು! ಎಲ್ಲೂ ತುಂಡಾಗದೆ ದೊಡ್ಡದೊಂದು ಬಳೆಯಾಯಿತು. ಗೋಡೆಗೆ ಒತ್ತಿದಳು. ಗೋಡೆ ತೆರೆಯಿತು. ಕೆಂಚನನ್ನು ಹೊತ್ತ ಆನೆ ಠೀವಿಯಿಂದ ಹೊರಗೆ ನಡೆಯಿತು.

"ನಿಲ್ಲೇ! ಹೇಗೆ ಮಾಡಿದೆ?" ಮಾಂತ್ರಿಕ ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದ. ಪದುಮಿ ಕೊನೆಯವಳಾಗಿ ದಾಟಿ, ಗೋಡೆಯಿಂದ ಬಳೆ ಕಿತ್ತು, ಮಡಿಕೆ ಸೇರಿಸಿ ಅಂಗೈಯೊಳಗೆ ಮುಚ್ಚಿದಳು. ಗೋಡೆಯೂ ಮುಚ್ಚಿತು. ಅವನ ಮಾಯೆಯೆಲ್ಲ ಈಗ ಅವಳ ಮುಷ್ಟಿಯಲ್ಲಿ! ನಾಯಿಯ ಸರಪಳಿ ಕಳಚಿತು, ಕಂದರ ಕೂಡಿಕೊಂಡಿತು, ಹದ್ದು ಎತ್ತಲೋ ಹಾರಿತು.

"ಇನ್ನು ಕಾಗದಕ್ಕೆ ಯಾರಾದರೂ ನಗಲಿ, ನೋಡ್ಕೋತೀನಿ," ಅಂದ ಕೆಂಚ, ಅವಳನ್ನು ಆನೆಯ ಮೇಲೆ ಎಳೆದುಕೊಳ್ಳುತ್ತ. ಅವನ ಕಣ್ಣು ತುಂಬಿತ್ತು.

ಊರಿಗೆ ಊರೇ ಹಬ್ಬ ಮಾಡಿತು. ಪದುಮಿ ದಿನಾ ಕೋಟೆಗೆ ಹೋಗಿ, ಹಾಳೆಯ ಒಂದೇ ಒಂದು ಸೀಳು ಬಿಡಿಸಿ, ಇಲಿ ದಾಟುವಷ್ಟು ಸಂದಿಯಿಂದ ಮುಳ್ಳುಜಡೆಗೆ ರೊಟ್ಟಿ ತೂರಿಸುತ್ತಿದ್ದಳು.

"ಅಮ್ಮಾ, ಆ ವಿದ್ಯೆ ನನಗೂ ಕಲಿಸಮ್ಮಾ," ಅಂತ ಒಂದು ದಿನ ಅವನು ಒಳಗಿಂದ ಬೇಡಿಕೊಂಡ.

"ಮೊದಲು ಹಾಳೆ ಮಾಡೋದು ಕಲಿ," ಅಂತ ಅವಳು ಹಳೇ ಬಟ್ಟೆಯ ಚಿಂದಿ ತಳ್ಳಿದಳು.

ಕಂಚಿನಕೋಟೆಯವರು ಇವತ್ತಿಗೂ ನೆಮ್ಮದಿಯಾಗಿದ್ದಾರೆ. ಮುಳ್ಳುಜಡೆ ಇನ್ನೂ ಬಟ್ಟೆ ಕುಟ್ಟುತ್ತಲೇ ಇದ್ದಾನೆ.