ಕೈ ಹಿಂದೆ ಕಟ್ಟಿದವರ ದೋಣಿ

ಬಹಳ ಹಿಂದಿನ ಮಾತು. ಆಗ ಕಡಲಿನ ನೀರು ಈಗಿನಷ್ಟು ಉಪ್ಪಾಗಿರಲಿಲ್ಲವಂತೆ. ನಾನೇನೂ ಕುಡಿದು ನೋಡಿದವನಲ್ಲ, ಕೇಳಿದ್ದನ್ನು ಹೇಳುತ್ತಿದ್ದೇನೆ. ಆ ಕಡಲ ದಂಡೆಯ ಮೇಲೆ ಚಿಪ್ಪಿನಕೋಟೆ ಎಂಬ ರಾಜ್ಯವಿತ್ತು. ಕೋಟೆಯ ಗೋಡೆಗೆಲ್ಲ ಸುಣ್ಣದ ಬದಲು ಚಿಪ್ಪು ಅಂಟಿಸಿದ್ದರು. ಬಿಸಿಲು ಬಿದ್ದರೆ ನೋಡಿದವರ ಕಣ್ಣು ಕುಕ್ಕುತ್ತಿತ್ತು.

ಅಲ್ಲಿಯ ರಾಜನಿಗೆ ಇಬ್ಬರು ಮಕ್ಕಳು. ದೊಡ್ಡವಳು ಏಚಲೆ, ಚಿಕ್ಕವನು ರೇವಣ. ತಾಯಿಯಿಲ್ಲದ ರೇವಣನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ಹುಡುಗ ಓದಿನಲ್ಲಿ ಅಷ್ಟಕ್ಕಷ್ಟೆ. ಪಾಠ ಒಪ್ಪಿಸದ ದಿನ ಗುರುಗಳು ಅವನನ್ನು ಕೈ ಹಿಂದೆ ಕಟ್ಟಿಸಿ ನಿಲ್ಲಿಸಿ ಬೈಯುತ್ತಿದ್ದರು. ಆಗ ಏಚಲೆ ಬೇರೇನೋ ಕೆಲಸವಿದ್ದವಳಂತೆ ಅವನ ಹಿಂದಿನಿಂದ ಹಾದುಹೋಗುವಳು. ಹೋಗುವಾಗ ಅವನ ಅಂಗೈಯಲ್ಲಿ ಒಂದು ಎಳ್ಳುಂಡೆ ಇಟ್ಟು ಹೋಗುವಳು. ತಿರುಗಿ ನೋಡುವ ಹಾಗಿಲ್ಲ. ಮುಷ್ಟಿ ಬಿಗಿಯುವ ಹಾಗೂ ಇಲ್ಲ, ಬಿಗಿದರೆ ಉಂಡೆ ಪುಡಿಯಾಗಿ ನೆಲಕ್ಕೆ ಉದುರಿ ಗುಟ್ಟು ಬಯಲಾಗುತ್ತಿತ್ತು. ಅಂಗೈ ಬಿಚ್ಚಿಕೊಂಡು, ಬೈಗುಳ ಮುಗಿಯುವ ತನಕ ಸುಮ್ಮನೆ ಕಾಯಬೇಕು. ಹಾಗಾಗಿ ಬೈಸಿಕೊಳ್ಳುವ ದಿನವೆಂದರೆ ರೇವಣನಿಗೆ ಹಬ್ಬದ ದಿನ. ಅವನು ಓದಿನಲ್ಲಿ ಹಿಂದೆ ಬಿದ್ದದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಅದೇ ರಾಜ್ಯದಲ್ಲಿ ಬೂದಿಗಣ್ಣ ಎಂಬ ಮಾಂತ್ರಿಕನಿದ್ದ. ಅವನ ಕಣ್ಣು ಆರಿದ ಒಲೆಯ ಬೂದಿಯ ಬಣ್ಣ. ಕಡಲಾಮೆಗಳ ಆಯುಸ್ಸು ಕದ್ದು ತನ್ನ ಆಯುಸ್ಸಿಗೆ ಸೇರಿಸಿಕೊಳ್ಳುವ ವಿದ್ಯೆ ಅವನಿಗೆ ಗೊತ್ತಿತ್ತು. ಒಂದು ದಿನ ಅವನು ಮರಳಿನ ಮೇಲೆ ಆಮೆಯೊಂದನ್ನು ಬೆನ್ನಡಿಯಾಗಿ ಮಗುಚಿ ಹಾಕಿ ಮಂತ್ರ ಹೇಳುತ್ತಿದ್ದ. ಆ ದಾರಿಯಲ್ಲಿ ಬಂದ ಏಚಲೆ ಅದನ್ನು ಕಂಡಳು. ಅವಳು ಮಾಂತ್ರಿಕನನ್ನು ಒಂದು ಮಾತೂ ಕೇಳಲಿಲ್ಲ. ಆಮೆಯನ್ನು ಎತ್ತಿ ಸರಿಮಾಡಿ ನೀರಿಗೆ ಬಿಟ್ಟಳು.

"ಆಮೆಯ ಮೇಲೆ ಅಷ್ಟು ಪ್ರೀತಿಯೋ? ಹಾಗಾದರೆ ನೀನೂ ಆಮೆಯಾಗು" ಎಂದ ಬೂದಿಗಣ್ಣ.

ಏಚಲೆ ಆಮೆಯಾದಳು. ತೆವಳಿ ತೆವಳಿ ಹೋಗಿ ಆಮೆಗಳೇ ತುಂಬಿದ್ದ ಕೊಲ್ಲಿಗೆ ಇಳಿದುಬಿಟ್ಟಳು.

ಸುದ್ದಿ ಕೇಳಿ ರೇವಣ ಓಡಿಬಂದ. ಆಗ ಅವನು ಮೀಸೆ ಚಿಗುರಿದ ಯುವಕ. ಬೂದಿಗಣ್ಣ ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ.

"ನಿನ್ನ ಅಕ್ಕ ಆ ಆಮೆಗಳ ನಡುವೆ ಇದ್ದಾಳೆ ರಾಜಕುಮಾರ. ಅವಳನ್ನು ಮುಟ್ಟಿ 'ಅಕ್ಕಾ' ಎಂದು ಕರೆದರೆ ಮತ್ತೆ ಮನುಷ್ಯಳಾಗುತ್ತಾಳೆ. ಆದರೆ ಯಾರ ಕೈಯೇ ಆಗಲಿ, ಬೇರೆ ಆಮೆಯನ್ನು ಚಾಚಿ ಹಿಡಿದರೆ, ಆ ಕೈಯವನ ನೆನಪಿನಲ್ಲಿ ಒಂದು ಪಾಲು ಅಳಿಸಿಹೋಗುತ್ತದೆ. ಮೂರನೆಯ ಸಲ ತಪ್ಪಿದರೆ ನಿನಗೊಬ್ಬಳು ಅಕ್ಕ ಇದ್ದಳೆಂಬುದೇ ನಿನಗೆ ತಿಳಿಯದು. ಮೊದಲ ಮಳೆ ಬಿದ್ದರೆ ಆಮೆಗಳು ದೂರದ ಕಡಲಿಗೆ ಹೊರಟುಹೋಗುತ್ತವೆ. ಆಮೇಲೆ ಅವಳೂ ನಿನ್ನನ್ನು ಮರೆಯುತ್ತಾಳೆ" ಎಂದು ಹೇಳಿ, ನಕ್ಕು, ಮಾಯವಾದ.

ರಾಜ ಕೊಲ್ಲಿಗೆಲ್ಲ ಬಲೆ ಹಾಕಿಸಲು ಹೊರಟ. ಬಲೆಯಲ್ಲಿ ಸಿಕ್ಕಿ ಅಕ್ಕನೇ ಉಸಿರುಗಟ್ಟಿ ಸತ್ತರೆ ಏನು ಗತಿ ಎಂದು ರೇವಣ ತಡೆದ. ಆ ಕೊಲ್ಲಿಗೆ ಹೋಗಲು ಇದ್ದದ್ದು ಒಂದೇ ದಾರಿ. ಅದು ಮಂಕಾಳಜ್ಜಿಯ ದೋಣಿ.

ಮಂಕಾಳಜ್ಜಿ ಆಮೆ ತೋರಿಸುವವಳು. ಅವಳ ದೋಣಿಯಲ್ಲಿ ಆರೇ ಜನ ಕೂರಬೇಕು. ಏಳನೆಯವನು ಬಂದರೆ, ಅವನು ಸೇನಾಪತಿಯಾದರೂ ದಂಡೆಯಲ್ಲೇ ಉಳಿಯಬೇಕು. ದೋಣಿ ಕೊಲ್ಲಿಗೆ ಹೋದಮೇಲೆ ಅವಳು ಎಲ್ಲರ ಕಣ್ಣಿಗೂ ಒಂದು ಹಸಿರು ಕಾಡಿಗೆ ಹಚ್ಚುವಳು. ಅದನ್ನು ಹಚ್ಚಿದರೆ ಉಪ್ಪುನೀರಿನಲ್ಲೂ ಕಣ್ಣು ಉರಿಯದೆ ತಳದವರೆಗೆ ಕಾಣುತ್ತಿತ್ತು. ಮೂಗಿಗೆ ಜೇನುಮೇಣದ ಉಂಡೆ ಮೆತ್ತಿ, ಬಾಯಿಗೆ ಬಿದಿರಿನ ಕೊಳವೆ ಕೊಡುವಳು. ಮುಖ ನೀರೊಳಗೆ, ಕೊಳವೆಯ ತುದಿ ನೀರಿನ ಮೇಲೆ. ಹಾಗೆ ತೇಲಿಕೊಂಡು ಉಸಿರಾಡುತ್ತ ಎಷ್ಟು ಹೊತ್ತು ಬೇಕಾದರೂ ಆಮೆಗಳನ್ನು ನೋಡಬಹುದಿತ್ತು.

"ಒಂದೇ ಒಂದು ಮಾತು" ಎನ್ನುವಳು ಅಜ್ಜಿ ಪ್ರತಿ ಸಲವೂ. "ಕೈ ಹಿಂದೆ ಕಟ್ಟಿಕೊಳ್ಳಿ. ಆಮೆ ತಾನಾಗಿ ಬಂದರೆ ನಿಮ್ಮ ಪುಣ್ಯ. ನೀವಾಗಿ ಕೈ ಚಾಚಿದಿರೋ, ಈ ದೋಣಿಯ ಹುಟ್ಟಿನ ಏಟು ತಿಂತೀರಿ."

ರೇವಣ ರಾಜಕುಮಾರನ ವೇಷ ಕಳಚಿ, ಸಾದಾ ಪಂಚೆಯುಟ್ಟು ದೋಣಿ ಹತ್ತಿದ. ಅವನ ಜೊತೆ ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಬಾಯಿ ಮುಚ್ಚದ ಒಬ್ಬ ಎಣ್ಣೆ ವ್ಯಾಪಾರಿ, ಮತ್ತಿಬ್ಬರು ಇದ್ದರು. ನೀರಿಗಿಳಿದು ಕೊಳವೆ ಬಾಯಿಗಿಟ್ಟಮೇಲೆ ವ್ಯಾಪಾರಿಯೂ ಸುಮ್ಮನಾದ. ಅದೇ ದೊಡ್ಡ ಮಾಯೆ ಎಂದು ಅವನ ಮನೆಯವರು ಆಮೇಲೆ ಹೇಳಿದರಂತೆ.

ಕೆಳಗೆ ಬೇರೆಯೇ ಒಂದು ಲೋಕವಿತ್ತು. ಹಳದಿ ಪಟ್ಟೆಯ ಮೀನುಗಳು ಗುಂಪಾಗಿ ತಿರುಗುತ್ತಿದ್ದವು. ಅವುಗಳ ನಡುವೆ, ಅವಸರವೇ ಗೊತ್ತಿಲ್ಲದ ಆಮೆಗಳು ರೆಕ್ಕೆಯಂಥ ಕೈ ಬೀಸಿಕೊಂಡು ಹೋಗುತ್ತಿದ್ದವು. ಅಕ್ಕನ ಎಡಗೆನ್ನೆಯ ಮೇಲೆ ಒಂದು ಮಚ್ಚೆಯಿತ್ತು. ರೇವಣ ಪ್ರತಿಯೊಂದು ಆಮೆಯ ಎಡಗೆನ್ನೆಯನ್ನೂ ನೋಡುತ್ತ ಹೋದ. ಒಂದರ ಕೆನ್ನೆಯಲ್ಲಿ ಕಪ್ಪು ಚುಕ್ಕೆ ಕಂಡಿತು. ಹಿಂದೆ ಕಟ್ಟಿದ ಕೈ ಬಿಚ್ಚಿ, ಮುನ್ನುಗ್ಗಿ, ಅದರ ಚಿಪ್ಪು ಹಿಡಿದು, ತಲೆ ಎತ್ತಿ "ಅಕ್ಕಾ" ಎಂದ.

ಅದು ಅಕ್ಕನಲ್ಲ. ಬೆದರಿದ ಆಮೆ ಜಾರಿಕೊಂಡು ಹೋಯಿತು. ಅಕ್ಕನ ಮುಖ ರೇವಣನ ಮನಸ್ಸಿನಿಂದ ಅಳಿಸಿಹೋಯಿತು. ಕಣ್ಣು ಮುಚ್ಚಿದರೆ ಅವಳ ಸೀರೆ ಕಾಣುತ್ತಿತ್ತು, ಜಡೆ ಕಾಣುತ್ತಿತ್ತು, ಮುಖವಿರಬೇಕಾದ ಕಡೆ ಏನೂ ಇರಲಿಲ್ಲ.

ಅಜ್ಜಿ ಹುಟ್ಟಿನಿಂದ ಅವನ ಬೆನ್ನಿಗೆ ಒಂದು ಕೊಟ್ಟಳು. "ಎಂತಕ್ಕೆ ಮುಟ್ಟಿದೆ ತಮಾ? ನಾ ಹೇಳಿದ್ದು ಎಂತ?"

ರೇವಣ ಎಲ್ಲವನ್ನೂ ಹೇಳಿದ. ಅಜ್ಜಿ, "ದೋಣಿಯ ನೀರು ತೋಡಿ ಹಾಕು, ತಳ ಉಜ್ಜು. ತಪ್ಪು ಮಾಡಿದವರು ಮಾಡುವ ಕೆಲಸ ಅದು. ಆಮೇಲೆ ಕಾಂಬ" ಎಂದಳು. ಮೈ ಬಗ್ಗಿಸಿ ಅಭ್ಯಾಸವಿಲ್ಲದ ರಾಜಕುಮಾರ ಸೊಂಟ ನೋಯುವಂತೆ ದೋಣಿ ಉಜ್ಜಿದ.

ಎರಡನೆಯ ಸಲ ದೋಣಿ ಹತ್ತಿದಾಗ ಅವನು ಕಣ್ಣನ್ನು ನಂಬಲಿಲ್ಲ, ಕಿವಿಯನ್ನು ನಂಬಿದ. ಅಕ್ಕ ಅವನನ್ನು ಮಲಗಿಸುವಾಗ ಮೂಗಿನಲ್ಲೇ ಗುನುಗುತ್ತಿದ್ದ ಒಂದು ಜೋಗುಳವಿತ್ತು. ನೀರಿನೊಳಗೆ ಮುಖವಿಟ್ಟು ಕಿವಿಗೊಟ್ಟ. ಸ್ವಲ್ಪ ಹೊತ್ತಿಗೆ ಅದೇ ಜೋಗುಳ ಸಣ್ಣಗೆ ಕೇಳಿಬಂತು. ಅದು ಬೂದಿಗಣ್ಣ ಬಂಡೆಯ ಮರೆಯಲ್ಲಿ ಕೂತು ಶಂಖದೊಳಗೆ ಗುನುಗುತ್ತಿದ್ದದ್ದು. ರೇವಣನಿಗೆ ಅದೆಲ್ಲಿ ಗೊತ್ತಾಗಬೇಕು? ದನಿ ಬಂದ ಕಡೆ ಒಂದು ಆಮೆಯಿತ್ತು. ಅವನು ಅದನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದ.

ಅದೂ ಅಕ್ಕನಲ್ಲ. ಈ ಸಲ ಅಕ್ಕನ ದನಿ ಹೋಯಿತು, ಅದರ ಜೊತೆಗೆ ಅವಳ ಹೆಸರೂ ಹೋಯಿತು.

ಅಜ್ಜಿ ಈ ಸಲ ಹುಟ್ಟು ಎತ್ತಲಿಲ್ಲ. ರೇವಣ ತಾನಾಗಿಯೇ ದೋಣಿಯ ನೀರು ತೋಡಿದ, ತಳ ಉಜ್ಜಿದ, ಬಿದಿರಿನ ಕೊಳವೆಗಳನ್ನು ತೊಳೆದು ಬಿಸಿಲಿಗೆ ಹಾಕಿದ. ಆಮೇಲೆ ಮರಳಿನ ಮೇಲೆ ಕೂತು ಅಳತೊಡಗಿದ. ಅಜ್ಜಿ ಗಂಜಿಯ ತಟ್ಟೆ ತಂದು ಅವನ ಮುಂದಿಟ್ಟಳು.

"ಯಾರಿಗೆ ಅಳ್ತೀ ತಮಾ?"

"ಅದೇ ಗೊತ್ತಿಲ್ಲ ಅಜ್ಜಿ. ಅವಳ ಮುಖ ಗೊತ್ತಿಲ್ಲ, ದನಿ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ನನಗೊಬ್ಬಳು ಅಕ್ಕ ಇದ್ದಾಳೆ ಅನ್ನೋದು ಮಾತ್ರ ಗೊತ್ತು. ಇನ್ನೊಂದು ಸಲ ತಪ್ಪಿದರೆ ಅದೂ ಇಲ್ಲ. ಆಮೇಲೆ ನಾನು ಅಳೋದೂ ಇಲ್ಲ. ಅದನ್ನು ನೆನೆದರೆ ಹೆದರಿಕೆಯಾಗ್ತದೆ."

ಅಜ್ಜಿ ಸೆರಗಿನಿಂದ ಅವನ ಮುಖ ಒರೆಸಿದಳು. "ನೀನು ಅರಮನೆಯಲ್ಲಿ ಬೆಳೆದವನು. ಕೈ ಚಾಚಿದ್ದೆಲ್ಲ ಸಿಕ್ಕಿದೆ. ಎರಡು ಸಲವೂ ಹಿಡಿಯೋದಕ್ಕೇ ಹೋದೆ. ಹಿಡಿಯೋ ಕೈ ಕಂಡರೆ ಆಮೆ ಓಡ್ತದೆ, ಅಕ್ಕನಾದರೂ ಓಡ್ತಾಳೆ. ಅವಳನ್ನು ನೀ ಹುಡುಕಬೇಡ. ಅವಳೂ ನಿನ್ನ ಹುಡುಕ್ತಿರಬಹುದಲ್ಲ? ಅವಳಿಗೆ ಸಿಗೋ ಹಾಗೆ ಇರು, ಸಾಕು. ಗಂಜಿ ಆರಿಹೋಗ್ತದೆ, ಉಣ್ಣು."

ರೇವಣ ಉಂಡ. ಹಸಿವಾಗಿದ್ದದ್ದು ಅವನಿಗೆ ಆಗಲೇ ಗೊತ್ತಾದದ್ದು.

ಮೂರನೆಯ ಸಲ ದೋಣಿ ಹೊರಟಾಗ ಪಡುವಣದಲ್ಲಿ ಮೋಡ ಕಟ್ಟಿತ್ತು. ಗಾಳಿಯಲ್ಲಿ ಮಳೆಯ ವಾಸನೆ. ಮಳೆಗಾಲಕ್ಕೆ ಮುಂಚಿನ ಕಡೆಯ ದೋಣಿ ಅದು. ಅದೇ ಹೊಸ ಜೋಡಿ ಇನ್ನೊಮ್ಮೆ ನೋಡಬೇಕೆಂದು ಬಂದಿತ್ತು, ಎಣ್ಣೆ ವ್ಯಾಪಾರಿ ತನ್ನ ತಾಯಿಯನ್ನೂ ಕರೆದುಕೊಂಡು ಬಂದಿದ್ದ. ಆರನೆಯವನಾಗಿ ತಲೆಗೆ ಮುಂಡಾಸು ಸುತ್ತಿದ ಒಬ್ಬ ಮುದುಕ ಹತ್ತಿದ. ಅಜ್ಜಿ ಅವನಿಗೆ ಕಾಡಿಗೆ ಹಚ್ಚುವಾಗ ಕಣ್ಣು ನೋಡಿದಳು. ಆರಿದ ಒಲೆಯ ಬೂದಿಯ ಬಣ್ಣ. ಅವಳಿಗೆ ಎಲ್ಲ ತಿಳಿಯಿತು. ಆದರೂ ದೋಣಿ ಹತ್ತಿದವರನ್ನು ಇಳಿಸುವ ಪದ್ಧತಿ ಅವಳಲ್ಲಿ ಇರಲಿಲ್ಲ.

"ಕೈ ಹಿಂದೆ ಕಟ್ಟಿಕೋ ಅಣ್ಣಾ. ನಿನ್ನ ಒಳ್ಳೆಯದಕ್ಕೇ ಹೇಳ್ತಿದ್ದೇನೆ" ಎಂದಳು.

ರೇವಣ ನೀರಿನ ಮೇಲೆ ಬೋರಲು ಮಲಗಿದ. ಕೈ ಹಿಂದೆ ಕಟ್ಟಿ, ಅಂಗೈ ಬಿಚ್ಚಿಟ್ಟ. ಆಮೆಗಳು ಅವನ ಕೆಳಗೆ ಹಾದುಹೋದವು, ಪಕ್ಕದಲ್ಲಿ ಹಾದುಹೋದವು. ಒಂದು ಅವನ ಮುಖದ ಹತ್ತಿರವೇ ಬಂದು ನೋಡಿ ಹೋಯಿತು. ಕೈ ಚಾಚಬೇಕೆಂದು ಮೈಯೆಲ್ಲ ತುಡಿಯಿತು. ಅವನು ಚಾಚಲಿಲ್ಲ. ಮೇಲೆ ಗುಡುಗಿತು. ಆಮೆಗಳು ಒಂದೊಂದಾಗಿ ಕೊಲ್ಲಿಯ ಬಾಯಿಯ ಕಡೆ ತಿರುಗತೊಡಗಿದವು. ಅವು ಹೋಗುವುದನ್ನು ನೋಡುತ್ತ ನೋಡುತ್ತ ರೇವಣನಿಗೆ ಕೊಳವೆಯೊಳಗಿನ ಉಸಿರೇ ಬಿಕ್ಕಾಯಿತು. ಆದರೂ ಕೈ ಬಿಚ್ಚಲಿಲ್ಲ.

ಆಗ ಹಿಂದಿನಿಂದ ಯಾರೋ ಹಾದುಹೋದಂತಾಯಿತು. ಅವನ ಅಂಗೈಯಲ್ಲಿ ದುಂಡಗಿನ, ಸಣ್ಣದಾದ ಒಂದು ವಸ್ತು ಬಂದು ಕೂತಿತು.

ಅದೊಂದು ಕವಡೆ. ಗಾತ್ರ ಎಳ್ಳುಂಡೆಯಷ್ಟು.

ಮುಖ ಮರೆತಿತ್ತು, ದನಿ ಮರೆತಿತ್ತು, ಹೆಸರು ಮರೆತಿತ್ತು. ಅಂಗೈ ಮಾತ್ರ ಮರೆತಿರಲಿಲ್ಲ. ರೇವಣ ಮುಷ್ಟಿ ಬಿಗಿಯಲಿಲ್ಲ, ತಿರುಗಿಯೂ ನೋಡಲಿಲ್ಲ. ಬಿಚ್ಚಿದ ಅಂಗೈಯಲ್ಲಿ ಕವಡೆಯನ್ನು ಇಟ್ಟುಕೊಂಡು, ಗುರುಗಳ ಮುಂದೆ ನಿಂತ ಹುಡುಗನ ಹಾಗೆಯೇ ಸುಮ್ಮನಿದ್ದ.

ಇದನ್ನು ಕಂಡ ಬೂದಿಗಣ್ಣನ ಮುಂಡಾಸು ಬಿಚ್ಚಿಹೋಯಿತು. ಕವಡೆ ಇಟ್ಟ ಆ ಆಮೆಯನ್ನು ತಾನೇ ಹಿಡಿದು ಒಯ್ಯಬೇಕೆಂದು ಎರಡೂ ಕೈ ಚಾಚಿ ನುಗ್ಗಿದ. ಹೊರಟಿದ್ದ ಆಮೆಗಳು ತಿರುಗಿ ಬಂದು ಅವನಿಗೂ ಏಚಲೆಗೂ ನಡುವೆ ಗೋಡೆಯಾಗಿ ನಿಂತವು. ಅವಳು ಮರಳಿನಿಂದ ಎತ್ತಿ ಬಿಟ್ಟ ಆಮೆ ಎಲ್ಲಕ್ಕಿಂತ ಮುಂದಿತ್ತು. ಬೂದಿಗಣ್ಣ ಅದನ್ನು ಹಿಡಿದು ಎಳೆದ. ಯಾರ ಕೈಯೇ ಆಗಲಿ ಎಂದು ಶಾಪ ಹಾಕಿದವನು ಅವನೇ ತಾನೆ? ತನ್ನ ಕೈಯೊಂದನ್ನು ಬಿಟ್ಟು ಎಂದು ಸೇರಿಸಲು ಮರೆತಿದ್ದ. ಮಂತ್ರಗಳೆಲ್ಲ ಮರೆತುಹೋದವು. ಇನ್ನೊಂದನ್ನು ಎಳೆದ, ಹಗೆಯೆಲ್ಲ ಮರೆತುಹೋಯಿತು. ಮತ್ತೊಂದನ್ನು ಎಳೆದ, ತಾನು ಯಾರೆಂಬುದೇ ಮರೆತುಹೋಯಿತು. ಆಮೇಲೆ ನೀರಿನಲ್ಲಿ ತೇಲುತ್ತ, "ಎಷ್ಟು ಚೆಂದದ ಪ್ರಾಣಿಗಳು, ಏನು ಇವುಗಳ ಹೆಸರು?" ಎಂದು ಕೇಳಿದ.

ಅಷ್ಟು ಹೊತ್ತಿಗೆ ಕವಡೆ ತಂದ ಆಮೆ ತನ್ನ ತಲೆಯನ್ನು ತಂದು ರೇವಣನ ಅಂಗೈಯಲ್ಲಿಟ್ಟಿತು. ಅವನು ಬಾಯಿಯ ಕೊಳವೆ ಉಗಿದು ಮುಖ ಮೇಲೆತ್ತಿದ.

"ಅಕ್ಕಾ" ಎಂದ.

ಅಂಗೈಯಲ್ಲಿದ್ದ ತಲೆ ಒಂದು ಕೆನ್ನೆಯಾಯಿತು. ಮೊದಲ ಮಳೆಹನಿ ಅವನ ಹಣೆಯ ಮೇಲೆ ಬಿತ್ತು. ತಿರುಗಿ ನೋಡಿದರೆ ಒದ್ದೆ ಕೂದಲಿನ ಹೆಂಗಸೊಬ್ಬಳು ನೀರಿನಲ್ಲಿ ನಿಂತು ನಗುತ್ತಿದ್ದಳು, ಎಡಗೆನ್ನೆಯ ಮೇಲೆ ಮಚ್ಚೆ. ರೇವಣ ಆ ಮುಖವನ್ನು ಅದೇ ಮೊದಲ ಸಲ ನೋಡುವವನಂತೆ ನೋಡಿದ.

"ನಿನ್ನ ಹೆಸರೇನು ಅಕ್ಕಾ?" ಎಂದು ಕೇಳಿದ.

"ಅಯ್ಯೋ ದಡ್ಡಾ, ಅದನ್ನೂ ಒಪ್ಪಿಸೋಕೆ ಬರೋದಿಲ್ಲವೇ ನಿನಗೆ?" ಎಂದು ಅವಳು ಅವನ ಕಿವಿ ಹಿಂಡಿದಳು. ಆ ಬೈಗುಳ ಕಿವಿಗೆ ಬಿದ್ದದ್ದೇ ತಡ, ದನಿ ಮರಳಿ ಬಂತು, ಹೆಸರು ಮರಳಿ ಬಂತು, ಮಲಗಿಸುವಾಗ ಬಗ್ಗುತ್ತಿದ್ದ ಮುಖವೂ ಮರಳಿ ಬಂತು. ಅಕ್ಕ ತಮ್ಮ ಇಬ್ಬರೂ ಮಳೆಯಲ್ಲಿ ಅತ್ತರು. ದೋಣಿಯಲ್ಲಿದ್ದವರೂ ಅತ್ತರು. ಏಳನೆಯವರನ್ನು ಎಂದೂ ಹತ್ತಿಸದ ಮಂಕಾಳಜ್ಜಿ ಅವತ್ತೊಂದು ದಿನ ಏಚಲೆಯ ಕೈ ಹಿಡಿದು ಮೇಲಕ್ಕೆಳೆದುಕೊಂಡಳು.

ರಾಜ ಊರಿಗೆಲ್ಲ ಊಟ ಹಾಕಿಸಿದ. ಬೂದಿಗಣ್ಣ ಅಜ್ಜಿಯ ದೋಣಿಯ ನೀರು ತೋಡುತ್ತ ಸುಖವಾಗಿದ್ದ. ದಿನವೂ ಆಮೆಗಳನ್ನು ಕಂಡು ಹೊಸದಾಗಿ ಬೆರಗಾಗುತ್ತಿದ್ದ, ಅಜ್ಜಿ ದಿನವೂ ಬೇಸರವಿಲ್ಲದೆ ಅವುಗಳ ಹೆಸರು ಹೇಳುತ್ತಿದ್ದಳು. ಆಮೆಗಳು ಮಳೆಯ ಜೊತೆ ಹೋಗಿ, ಬಿಸಿಲಿನ ಜೊತೆ ಮರಳಿ ಬರುತ್ತಿದ್ದವು.

ಮುಂದೆ ರೇವಣ ರಾಜನಾದ. ತುಂಬಿದ ಸಭೆಯಲ್ಲಿ ಅವನು ಸಿಂಹಾಸನದ ಮುಂದೆ ಕೈ ಹಿಂದೆ ಕಟ್ಟಿಯೇ ನಿಲ್ಲುತ್ತಿದ್ದ. ಪರದೇಶದ ರಾಯಭಾರಿಗಳು ಅದನ್ನು ರಾಜಗಾಂಭೀರ್ಯ ಎಂದುಕೊಂಡು ತಮ್ಮ ರಾಜರಿಗೂ ಹೋಗಿ ಹೇಳಿದರು. ಚಿಪ್ಪಿನಕೋಟೆಯವರಿಗೆ ನಿಜ ಗೊತ್ತಿತ್ತು. ತಲೆ ನರೆತ ಏಚಲೆ ಬೇರೇನೋ ಕೆಲಸವಿದ್ದವಳಂತೆ ರಾಜನ ಹಿಂದಿನಿಂದ ಹಾದುಹೋಗುವುದನ್ನು ಅವರು ನೋಡುತ್ತಿದ್ದರು. ಸಭೆ ಮುಗಿಯುವ ತನಕ ರಾಜ ಅಂಗೈ ಬಿಚ್ಚಿಕೊಂಡು ಸುಮ್ಮನೆ ಕಾಯುತ್ತಿದ್ದ.