ಮೂರನೆಯ ಅಂಕದ ಮಾತು

ಬಡಗಿಗೆ ಮರೆವು ಎಂದು ಊರೆಲ್ಲ ನಂಬಿತ್ತು. ನಾನಂತೂ ಒಂದು ಹೆಜ್ಜೆ ಮುಂದೆ ಹೋಗಿ ಅವನಿಗೆ ‘ಮರೆಗುಳಿ’ ಎಂದೇ ಹೆಸರಿಟ್ಟಿದ್ದೆ.

ನಮ್ಮೂರಿನ ನಾಟಕಶಾಲೆ ಮೊದಲು ಕಾಳಿನ ಗೋದಾಮಾಗಿತ್ತು. ಅಜ್ಜ ಊರವರನ್ನು ಕಾಡಿ ಬೇಡಿ ಅದರ ಒಂದು ತುದಿಗೆ ರಂಗ ಕಟ್ಟಿಸಿದರು. ಹೊಳೆ ಉಕ್ಕಿದ ವರ್ಷ ಅರ್ಧ ಊರು ಅಲ್ಲೇ ಮಲಗಿತು. ಶಾಲೆಯ ಸೂರು ಬಿದ್ದಾಗ ಮಕ್ಕಳು ಅಲ್ಲೇ ಮಗ್ಗಿ ಕಲಿತರು. ಓಟು, ಮದುವೆ, ಲಸಿಕೆ, ಜಗಳದ ತೀರ್ಮಾನ, ಎಲ್ಲಕ್ಕೂ ಅದೇ ಜಾಗ. ವರ್ಷಕ್ಕೊಂದು ಭಾನುವಾರ ಮಧ್ಯಾಹ್ನ ಮಾತ್ರ ನಾಟಕ, ಅದೂ ಅಜ್ಜ ಬರೆದ ಒಂದೇ ನಾಟಕ. ಅವರ ಕಾಗೆಕಾಲು ಗುಬ್ಬಿಕಾಲು ಅಕ್ಷರ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಹಾಗಾಗಿ ಪರದೆಯ ಮರೆಯಲ್ಲಿ ಕೂತು ಮಾತು ಎತ್ತಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ನಾಯಕನ ಪಾತ್ರ ಬಡಗಿಯದು. ನಾನು ಹಾಗೆ ಕೂತ ಏಳು ವರ್ಷವೂ ಮೂರನೆಯ ಅಂಕದಲ್ಲಿ ಒಂದೇ ಕಡೆ ನಿಂತುಬಿಡುತ್ತಿದ್ದ. ಕಣ್ಣಂಚಿನಲ್ಲಿ ನನ್ನತ್ತ ನೋಡುತ್ತಿದ್ದ. ನಾನು ಪಿಸುಗುಡುತ್ತಿದ್ದೆ: “ನೀನಿಲ್ಲದ ಮನೆ ನನಗೆ ಬೇಡ.” ಕೇಳಿಸಲಿಲ್ಲ ಎನ್ನುವಂತೆ ಹುಬ್ಬು ಏರಿಸುತ್ತಿದ್ದ. ಇನ್ನೊಮ್ಮೆ ಹೇಳುತ್ತಿದ್ದೆ.

“ನಾಲ್ಕು ಪದ ನೆನಪಿರಲ್ವಾ ನಿಂಗೆ?” ಎಂದು ಅವನ ಅಂಗಡಿಗೇ ಹೋಗಿ ಕೇಳಿದ್ದೆ.

“ನೀನಿದ್ದೀಯಲ್ಲ.”

“ನಾನೇನು ಸಾಯೋವರೆಗೂ ಅಲ್ಲೇ ಕೂತಿರ್ತೀನಾ?”

ಅವನು ಉಳಿ ಮಸೆಯುತ್ತಾ ನಕ್ಕ. ಆ ನಗು ನನಗೆ ಬಹಳ ಇಷ್ಟ. ಅದರ ಮುಂದೆ ಏನಾದರೂ ಹೇಳಲಿ ಎಂದು ಕಾದೆ, ಕಾದು ಸಾಕಾಯಿತು. ಹೋದ ವರ್ಷ ಅಪ್ಪ ನೋಡಿದ ಗಂಡಿಗೆ ಹೂಂ ಅಂದೆ. ಮದುವೆ ಅದೇ ರಂಗದ ಮೇಲೆ ಆಯಿತು. ಬೆಂಚು ಹಾಕಿದವನು ಬಡಗಿ.

ಈ ವರ್ಷ ನೆಂಟಳಾಗಿ ಬಂದು, ಗಂಡನ ಪಕ್ಕ ಮುಂದಿನ ಸಾಲಿನಲ್ಲಿ ಕೂತೆ. ಪರದೆಯ ಮರೆಯಲ್ಲಿ ಮೇಷ್ಟ್ರು, ಟೈಪ್ ಮಾಡಿಸಿದ ಪ್ರತಿ ಹಿಡಿದು. ಮೂರನೆಯ ಅಂಕ ಬಂತು. ನನ್ನ ತುಟಿ ತಾನಾಗಿ ಅಲುಗಿತು. ಅವನು ನಿಲ್ಲಲಿಲ್ಲ. ಒಂದಕ್ಷರ ತಪ್ಪದೆ ಹೇಳಿ ಮುಂದಕ್ಕೆ ಹೋದ.

“ಅಂತೂ ಬಾಯಿಪಾಠ ಆಯ್ತಪ್ಪಾ,” ಎಂದು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆ. ಅವನು ಮುಖಕ್ಕೆ ಎಣ್ಣೆ ಹಚ್ಚಿ ಒರೆಸಿಕೊಳ್ಳುತ್ತಿದ್ದ.

“ಯಾವತ್ತಿಂದ ಗೊತ್ತಿತ್ತು ಆ ಮಾತು?”

“ಮೊದಲನೇ ವರ್ಷದಿಂದ.”

“ಮತ್ತೆ ಮರೀತಿದ್ದಿದ್ದು?”

“ನೀನು ಹೇಳೋದು ಕೇಳೋಕೆ.” ಅವನು ಬಟ್ಟೆ ಮಡಚಿದ. “ವರ್ಷಕ್ಕೆ ಎರಡು ಸಲ ಸಿಗ್ತಿತ್ತು. ಅಷ್ಟು ಸಾಕು ಅಂದ್ಕೊಂಡಿದ್ದೆ.”

“ವೇಷ ಕಳಚಿ ಒಂದ್ಸಲ ನೀನೇ ಹೇಳಬಹುದಿತ್ತಲ್ಲ, ಪೆದ್ದ.”

“ವೇಷ ಇಲ್ಲದಿದ್ರೆ ನಂಗೆ ಬಾಯೇ ಬರಲ್ಲ. ನಿಂಗೊತ್ತಲ್ಲ.”

ಗೊತ್ತಿತ್ತು. ನಾನೂ ಏಳು ವರ್ಷ ಪರದೆಯ ಮರೆಯಿಂದಲೇ ಹೇಳಿದವಳು. ಈಗ ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ನನ್ನವರು ಸ್ಕೂಟರಿನ ಹಾರ್ನ್ ಒತ್ತಿದರು.

“ಹೋಗು, ಕಾಯ್ತಿದ್ದಾರೆ,” ಎಂದ ಬಡಗಿ.

ಹೋದೆ. ಹಿಂದೆ ಅವನು ಬೆಂಚು ಎಳೆಯುವ ಸದ್ದು ಕೇಳಿಸಿತು. ನಾಳೆ ಅಲ್ಲಿ ಮಕ್ಕಳಿಗೆ ಲಸಿಕೆ ಹಾಕುವುದಿತ್ತು.