ಸಾವಿರ ಗಂಟಲಿನ ಗೂಳಿ

ಕಡಲಿನ ನೀರು ಇಷ್ಟು ಉಪ್ಪಾಗುವುದಕ್ಕೂ ಮೊದಲಿನ ಮಾತು. ಯವನರ ನಾಡಿನಲ್ಲಿ ಒಂದು ಬೆಟ್ಟ. ಬೆಟ್ಟದ ಈಚೆಗೆ ಕೆರಮ ಎಂಬ ಪಟ್ಟಣ, ಆಚೆಗೆ ಬ್ರೊಂಟ ಎಂಬ ಪಟ್ಟಣ. ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ.

ಕೆರಮದಲ್ಲಿ ರಾಜನಿರಲಿಲ್ಲ. ಏನೇ ತೀರ್ಮಾನವಾಗಬೇಕಿದ್ದರೂ ಗಂಡಸರೆಲ್ಲ ಬಯಲಲ್ಲಿ ಸೇರಿ, ಹೊತ್ತು ಮುಳುಗುವವರೆಗೆ ಮಾತಾಡಿ, ಕೊನೆಗೆ ತಲೆಗೊಂದರಂತೆ ಮಡಕೆಯ ಚೂರು ಹಾಕಿ ಎಣಿಸುತ್ತಿದ್ದರು. ಹೆಂಗಸರು ಮಾತ್ರ ಅಂಗಳ ದಾಟುವಂತಿರಲಿಲ್ಲ. ಬ್ರೊಂಟದಲ್ಲಿ ಹೆಂಗಸರು ಬಯಲಿನಲ್ಲಿ ಓಟದ ಪಂದ್ಯ ಕಟ್ಟುತ್ತಿದ್ದರು. ಗಂಡಸರು ಸಾಲಾಗಿ ಕುಳಿತು ಒಂದೇ ಕೊಪ್ಪರಿಗೆಯ ಸಾರು ಕುಡಿಯುತ್ತಿದ್ದರು. ಮಾತು ಬಹಳ ಕಮ್ಮಿ. ನಾಯಕನನ್ನು ಆರಿಸುವುದೂ ಕೂಗಿನಿಂದಲೇ. ಮೂವರು ಹಿರಿಯರು ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತು ಕಿವಿಗೊಡುವರು. ಯಾರ ಸರದಿಯಲ್ಲಿ ಗಂಡಸರ ಕೂಗು ದೊಡ್ಡದೋ ಅವನೇ ನಾಯಕ.

ಕೆರಮದಲ್ಲಿ ಮಿರ್ತೊ ಎಂಬ ಕುಂಬಾರರ ಹುಡುಗಿಯಿದ್ದಳು. ಊರು ಎಣಿಸುವ ಚೂರುಗಳಲ್ಲಿ ಅರ್ಧ ಅವಳು ಮಾಡಿದ ಮಡಕೆಗಳವೇ. ಆದರೆ ಅವಳು ಒಂದು ಚೂರನ್ನೂ ಹಾಕಿದವಳಲ್ಲ. ಅವಳಿಗೆ ದಿಕ್ಕೆಂದರೆ ಅಣ್ಣ ಫಿಲೋನ. ಅವನ ಬಾಯಿಗೆ ಬೀಗವಿಲ್ಲ. ಸಂತೆ, ಹಡಗು, ಬಯಲಿನ ಜಗಳ ಎಲ್ಲವನ್ನೂ ಅವಳು ಕಂಡದ್ದು ಅಣ್ಣನ ಮಾತಿನಲ್ಲೇ.

ಒಮ್ಮೆ ಬೆಟ್ಟದಾಚೆ ಮಡಕೆ ಮಾರಲು ಹೋದ ಫಿಲೋನ ಮೂಕನಾಗಿ ಮರಳಿದ. ಅಳುತ್ತಾ ಹಸಿ ಮಣ್ಣಿನ ಮೇಲೆ ಉಗುರಿನಿಂದ ಗೀಚಿ ನಡೆದದ್ದನ್ನು ತಿಳಿಸಿದ. ಬ್ರೊಂಟದಲ್ಲಿ ಕೊರಾಕ್ಸ ಎಂಬ ಮಾಯಾವಿಯಿದ್ದಾನೆ. ಬೆಟ್ಟದ ದಾರಿಯಲ್ಲಿ ದಾರಿಹೋಕರು ಬಾಯಿ ತೆರೆದರೆ ಸಾಕು, ಅವರ ದನಿಯನ್ನು ಎಳೆದು ಗುಂಡಿಯಲ್ಲಿ ಬಚ್ಚಿಟ್ಟ ಕರಿ ಗೂಳಿಯ ಗಂಟಲಿಗೆ ತುಂಬುತ್ತಾನೆ. ಆ ಗೂಳಿಯ ಕೂಗಿನಿಂದಲೇ ಎರಡು ಸಲ ನಾಯಕನಾಗಿದ್ದಾನೆ. ಇನ್ನು ಒಂಬತ್ತು ದಿನಕ್ಕೆ ಮೂರನೆಯ ಸಲ ಗೆದ್ದರೆ ದನಿಗಳೆಲ್ಲ ಎಂದೆಂದಿಗೂ ಅವನವೇ. ಊರು ಅವನನ್ನು ಬೇಡವೆಂದರೆ ಮಾತ್ರ ಮಾಯೆ ಒಡೆಯುತ್ತದೆ. ಇದೆಲ್ಲ ಮಾಯಾವಿಯೇ ಜಂಬ ಕೊಚ್ಚಿದ್ದು.

ಕೆರಮದ ಗಂಡಸರು ಸಭೆ ಸೇರಿದರು. ಮೊದಲು ಯಾರು ಮಾತಾಡಬೇಕೆಂಬುದಕ್ಕೇ ಮೂರು ದಿನ ಹಿಡಿಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜನ! ಮಿರ್ತೊ ಕಾಯಲಿಲ್ಲ. ಒಂದು ಮಡಕೆ ನೀರು ಎತ್ತಿಕೊಂಡು ಅಂಗಳ ದಾಟಿದಳು, ಬಾಯಿ ಬಿಗಿಹಿಡಿದು ಬೆಟ್ಟವನ್ನೂ ದಾಟಿದಳು.

ಬ್ರೊಂಟದ ಓಟದ ಬಯಲಿನಲ್ಲಿ ಅರೇತೆ ಎಂಬ ಮುದುಕಿ ಹುಡುಗಿಯರಿಗೆ ಓಟ ಕಲಿಸುತ್ತಿದ್ದಳು. ಮಿರ್ತೊ ಎಲ್ಲವನ್ನೂ ಹೇಳಿಕೊಂಡಳು. ಅರೇತೆ, ತನ್ನ ಮಗ ಹೋದ ಸಲ ಕೊರಾಕ್ಸನ ಸರದಿಯಲ್ಲಿ ಕೂಗಲೇ ಇಲ್ಲವಂತೆ, ಪಕ್ಕದವನು ಕೂಗಿರಬೇಕು ಅಂದುಕೊಂಡನಂತೆ ಎಂದಳು. ಪಕ್ಕದವನೂ ಹಾಗೇ ಅಂದುಕೊಂಡಿದ್ದನಂತೆ. ಹೊರಗಿನವರು ಕೂಗಿನ ದಿನ ಊರಿನ ಮುಂದೆ ಬಾಯಿ ತೆರೆಯಬೇಕಾದರೆ ಮೂರು ಪರೀಕ್ಷೆ ಗೆಲ್ಲಬೇಕು ಎಂದೂ ತಿಳಿಸಿದಳು.

ಮೊದಲನೆಯದು ಸಾರು. ಹಂದಿಯ ನೆತ್ತರು ಹಾಕಿದ ಕರಿ ಸಾರು. ಅದನ್ನು ಸುಳ್ಳೇ ಹೊಗಳಿದವರ ಬಟ್ಟಲು ತಾನಾಗಿ ಮತ್ತೆ ತುಂಬುತ್ತಿತ್ತು. ಮಿರ್ತೊ ಅಣ್ಣನನ್ನು ನೆನೆದು ಒಂದೇ ಉಸಿರಿಗೆ ಕುಡಿದಳು. ಹೇಗಿದೆ ಎಂದು ಕೇಳಿದರು.

"ಚೆನ್ನಾಗಿಲ್ಲ. ಉಪ್ಪೂ ಇಲ್ಲ," ಎಂದಳು.

ಬಟ್ಟಲು ಬರಿದಾಗಿಯೇ ಉಳಿಯಿತು. ಸಾಲಿನಲ್ಲಿದ್ದ ಗಂಡಸರು ಎಷ್ಟೋ ವರ್ಷಗಳ ಮೇಲೆ ನಕ್ಕರು.

ಎರಡನೆಯದು ಓಟ. ಹಿಂದಿರುಗಿ ನೋಡಿದವರಿಗೆ ಆ ಹಾದಿ ಉದ್ದವಾಗುತ್ತಾ ಹೋಗುತ್ತಿತ್ತು. ಮಿರ್ತೊ ಹುಟ್ಟಿದ ಮೇಲೆ ಓಡಿದವಳಲ್ಲ, ಆದರೆ ಮಣ್ಣು ತುಳಿದು ತುಳಿದು ಅವಳ ಕಾಲು ಗಟ್ಟಿಯಾಗಿತ್ತು. ಎಲ್ಲರಿಗಿಂತ ಕೊನೆಯವಳಾಗಿ ಬಂದಳು, ಆದರೆ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಮುಖಕ್ಕೆ ಅಷ್ಟು ಗಾಳಿ ಬಡಿದದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಅವಳಿಗೆ ಅಳು ಬಂತು, ಖುಷಿಯೂ ಆಯಿತು.

ಮೂರನೆಯದು ಮಾತಿನ ಬಂಡೆ. ಅದರ ಮೇಲೆ ನಿಂತು ಆಡಿದ ಒಂದೊಂದು ಮಾತಿಗೂ ಕಾಲು ಒಂದೊಂದು ಗೇಣು ಕಲ್ಲಿನೊಳಗೆ ಇಳಿಯುತ್ತಿತ್ತು. ಹಿಂದೆ ಕೆರಮದಿಂದ ಬಂದಿದ್ದ ದೂತ ನಮಸ್ಕಾರ ಹೇಳಿ ಮುಗಿಸುವಷ್ಟರಲ್ಲಿ ಕುತ್ತಿಗೆಯವರೆಗೆ ಹೂತುಹೋಗಿದ್ದನಂತೆ.

ಕೂಗಿನ ದಿನ ಬಂತು. ಕೊರಾಕ್ಸ ಮೀಸೆ ತಿರುವುತ್ತಾ ಬಯಲಿಗೆ ಬಂದ. ಮಿರ್ತೊ ಬಂಡೆ ಹತ್ತಿದಳು. ಹೇಳುವುದು ಬೆಟ್ಟದಷ್ಟಿತ್ತು. ಅಣ್ಣನ ಮೂಕ ಮುಖ ಕಣ್ಣೆದುರು ಬಂತು. ಎಲ್ಲವನ್ನೂ ನುಂಗಿಕೊಂಡು ಎರಡೇ ಮಾತು ಹೇಳಿದಳು.

"ಕೂಗಬೇಡಿ. ಎಣಿಸಿ."

ಮೊಣಕಾಲಿನವರೆಗೆ ಇಳಿದ ಅವಳು ತನ್ನ ಮಡಕೆಯನ್ನು ಕಲ್ಲಿಗೆ ಅಪ್ಪಳಿಸಿದಳು. ಒಂದು ಚೂರನ್ನು ಎತ್ತಿ ಹತ್ತಿರವಿದ್ದವನ ಕೈಗಿಟ್ಟಳು, ಇನ್ನೊಂದನ್ನು ಅವನ ಪಕ್ಕದವನಿಗೆ. ಅರೇತೆಗೆ ತಟ್ಟನೆ ಅರ್ಥವಾಯಿತು. ಅವಳ ಹುಡುಗಿಯರು ಮನೆಮನೆಗೆ ಓಡಿ ಮಡಕೆಗಳನ್ನು ತಂದು ಒಡೆದು ಹಂಚಿದರು. ಬಯಲಿನ ನಡುವೆ ಎರಡು ಹಂಡೆ ಇಟ್ಟರು. ಕೊರಾಕ್ಸ ಬೇಕೆಂದವರಿಗೆ ಬಲಗಡೆಯದು, ಬೇಡವೆಂದವರಿಗೆ ಎಡಗಡೆಯದು. ಹುಡುಗಿಯರೂ ಅರೇತೆಯೂ ತಮಗೊಂದೊಂದು ಚೂರು ಇಟ್ಟುಕೊಂಡರು. ಕೂಡದೆಂದು ವಾದ ಮಾಡಲು ಆ ಊರಿನಲ್ಲಿ ಮಾತು ಬಲ್ಲವರು ಯಾರಿದ್ದರು?

ಕೊರಾಕ್ಸ ಸಿಳ್ಳೆ ಹಾಕಿದ. ಗುಂಡಿಯಿಂದ ಗೂಳಿ ಸಾವಿರ ಗಂಟಲಿನಲ್ಲಿ ಕೂಗಿತು. ಬೆಟ್ಟ ನಡುಗಿತು, ಆದರೆ ಹಂಡೆಯೊಳಗಿನ ಚೂರು ಒಂದು ಹೋಗಿ ಎರಡಾಗಲಿಲ್ಲ. ಹಿರಿಯರು ಕತ್ತಲ ಕೋಣೆಯಿಂದ ಹೊರಗೆ ಬಂದು, ಕಣ್ಣುಜ್ಜಿಕೊಂಡು ಎಣಿಸಿದರು. ಬಲಗಡೆಯ ಹಂಡೆಯಲ್ಲಿ ಇದ್ದದ್ದು ಒಂದೇ ಚೂರು, ಅದು ಕೊರಾಕ್ಸನದು.

ಗೂಳಿಯ ಗಂಟಲು ಬಿರಿಯಿತು. ದನಿಗಳು ಜೇನಿನಂತೆ ಗುಂಪಾಗಿ ಹಾರಿ ತಮ್ಮ ತಮ್ಮ ಒಡೆಯರ ಕಡೆಗೆ ಹೊರಟವು. ಕೊರಾಕ್ಸ ಕಾಗೆಯಾಗಿ ಕಡಲಿನ ಮೇಲೆ ಹಾರಿಹೋದ. ಬಂಡೆ ಮಿರ್ತೊಳನ್ನು ತಾನಾಗಿ ಮೇಲಕ್ಕೆತ್ತಿ ಬಿಟ್ಟಿತು.

ಅವಳು ಮನೆ ಮುಟ್ಟುವಾಗ ಫಿಲೋನ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ. ಅವಳು ಹೊಸ್ತಿಲಲ್ಲೇ ಕುಳಿತು, ಕಣ್ಣೀರು ಒರೆಸಿಕೊಳ್ಳುತ್ತಾ ಸಂಜೆಯವರೆಗೆ ಕೇಳಿದಳು.

ಕೆರಮದ ಸಭೆ ಅವಳಿಗೆ ಏನು ಉಡುಗೊರೆ ಬೇಕೆಂದು ಕೇಳಿತು. ತನಗೂ ಒಂದು ಚೂರು ಬೇಕೆಂದಳು. ಸಭೆ ಗಲಿಬಿಲಿಗೊಂಡಿತು. ಎಂದೂ ಇಲ್ಲದ ಪದ್ಧತಿ ಎಂದು ಒಬ್ಬ, ಊರು ಕೆಟ್ಟೀತು ಎಂದು ಇನ್ನೊಬ್ಬ. ಆಗ ಫಿಲೋನ ಎದ್ದ. ಇನ್ನು ಹೊತ್ತು ಮುಳುಗಿದಂತೆಯೇ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು.

"ಅವಳಿಗೂ ಕೊಡಿ," ಎಂದು ಹೇಳಿ ಫಿಲೋನ ಕುಳಿತುಬಿಟ್ಟ.

ಅಂಥವನ ಬಾಯಲ್ಲಿ ಎರಡೇ ಮಾತು ಬಂದದ್ದು ಕಂಡು ಸಭೆಯೆಲ್ಲ ಚೂರು ಹಾಕಲು ಎದ್ದಿತು. ಎಣಿಸಿ ನೋಡಿದರೆ ಅವನ ಮಾತೇ ಗೆದ್ದಿತ್ತು. ಅಂದಿನಿಂದ ಕೆರಮದ ಹೆಂಗಸರು ಅಂಗಳ ದಾಟಿದರು, ಬ್ರೊಂಟದವರು ತಲೆ ಎಣಿಸಿದರು. ಬೆಟ್ಟದ ದಾರಿಯಲ್ಲಿ ಮಡಕೆಯೂ ಮಾತೂ ಓಡಾಡಿ, ಎರಡೂ ಊರಿನವರು ಸುಖವಾಗಿ ಬಾಳಿದರು. ಬ್ರೊಂಟದ ಸಾರಿಗೆ ಉಪ್ಪೂ ಬಿತ್ತು.